ಕೊಲಂಬೋ ಸಾಹೇಬರೂ ಗುಲ್ಬರ್ಗಾ ಹಳ್ಳಿಯ ಟಿ.ವಿ.ಯೂ

ಕಲಬುರಗಿಯ ಸೇಡಂ ರಸ್ತೆಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ಒಮ್ಮೆ ಮೇಲೆ ನೋಡಿ. ಮಾಳಿಗೆ ಮಾಳಿಗೆಗೂ ಡಿಶ್ಶು! ದಕ್ಷಿಣಕ್ಕೋ ಆಗ್ನೇಯಕ್ಕೋ ಮುಖ ಮಾಡಿ ಹಗಲೂ ರಾತ್ರಿ ಕದಲದೆ ಕೂತಿರುತ್ತವೆ. ಸೂರ್ಯ ಸರಿಯುತ್ತಾನೆ, ಚಂದ್ರ ಸರಿಯುತ್ತಾನೆ. ಡಿಶ್ಶು ನೋಡುತ್ತಿರುವ ಉಪಗ್ರಹ ಮಾತ್ರ ಗೂಟ ಹೊಡೆದಂತೆ ಅಲ್ಲೇ! ಹೀಗೊಂದು ಕಾಲ ಬರುತ್ತದೆ ಎಂದು 1945ರಲ್ಲೇ ಲೆಕ್ಕ ಹಾಕಿ ಬರೆದವರು ಒಬ್ಬ ಕಥೆಗಾರರು ಎಂದರೆ ನಂಬುತ್ತೀರಾ?

ಅವರೇ ಆರ್ಥರ್ ಸಿ. ಕ್ಲಾರ್ಕ್.

‘ಓ, “2001: ಎ ಸ್ಪೇಸ್ ಒಡಿಸ್ಸಿ” ಚಿತ್ರದವರಾ?’ ಅಂತೀರಿ. ಹೌದು, ಅವರೇ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಜೊತೆ ಕೂತು ಚಿತ್ರಕಥೆ ಬರೆದರು. 1968ರಲ್ಲಿ ಚಿತ್ರ ತೆರೆಗೆ ಬಂತು, ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮೊದಲು! ಅರ್ಧದಲ್ಲೇ ಎದ್ದು ಹೋದ ಪ್ರೇಕ್ಷಕ ಮಹಾಶಯರೂ ಉಂಟು, ಕೊನೆಯ ಭಾಗ ಇವತ್ತಿಗೂ ಒಗಟೇ. ನಮ್ಮ ಸತ್ಯಜಿತ್ ರಾಯ್ ಕೂಡ ಅನ್ಯಗ್ರಹದ ಜೀವಿಯ ಕಥೆಯೊಂದನ್ನು ಈ ಸಾಹೇಬರಿಗೆ ಹೇಳಿದ್ದರು. ಆ ಚಿತ್ರ ಸೆಟ್ಟೇರಲೇ ಇಲ್ಲ, ಆ ಮಾತು ಬಿಡಿ. ನನ್ನನ್ನು ಕೇಳಿದರೆ ಕ್ಲಾರ್ಕ್ ಸಾಹೇಬರ ದೊಡ್ಡ ‘ಷೋ’ ನಡೆದದ್ದು ಹಾಲಿವುಡ್ಡಿನಲ್ಲಲ್ಲ, ನಮ್ಮ ಗುಲ್ಬರ್ಗಾ ಸೀಮೆಯ ಹಳ್ಳಿಗಳಲ್ಲಿ!

ಹೇಗೆ ಅಂತೀರಾ? ಕೇಳಿ. ನಮ್ಮ ಬಸ್ಸಿನ ಪಕ್ಕದಲ್ಲೇ ಇನ್ನೊಂದು ಬಸ್ಸು ಅದೇ ವೇಗದಲ್ಲಿ ಓಡಿದರೆ ಅದು ನಿಂತಂತೆ ಕಾಣುತ್ತದಲ್ಲ? ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹದ ಕಥೆಯೂ ಅದೇ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಬರುತ್ತದೆ. ಅಂಥ ಕಕ್ಷೆಯ ಮಾತು ಮೊದಲೂ ಇತ್ತು. ಅಲ್ಲಿ ಮೂರು ನಿಲ್ದಾಣಗಳನ್ನು ಇಟ್ಟರೆ ಇಡೀ ಜಗತ್ತಿಗೇ ಪ್ರಸಾರ ಮಾಡಬಹುದು ಎಂದು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಬಿಡಿಸಿ ಹೇಳಿದವರು ಇವರು. ವಯಸ್ಸು ಆಗ 27, ವಾಯುಪಡೆಯ ರೇಡಾರ್ ಕೆಲಸ. ಸುಟ್ಟುಹೋದ ವಾಲ್ವ್ ಬದಲಾಯಿಸಲು ಮೇಲೆ ಮನುಷ್ಯರೇ ಇರಬೇಕಾದೀತು ಅಂದುಕೊಂಡಿದ್ದರು, ಪಾಪ! ಟ್ರಾನ್ಸಿಸ್ಟರ್ ಬಂದು ಆ ನೌಕರಿ ತಪ್ಪಿಸಿತು. ಲೇಖನಕ್ಕೆ ಸಿಕ್ಕ ಸಂಭಾವನೆ 15 ಪೌಂಡು. ಪೇಟೆಂಟ್ ಮಾಡಿಸಲಿಲ್ಲ. ಬಿಡುವಿನ ವೇಳೆಯಲ್ಲಿ ನೂರು ಕೋಟಿ ಡಾಲರ್ ಕಳೆದುಕೊಂಡೆನೆಂದು ಮುಂದೆ ತಮ್ಮನ್ನೇ ಗೇಲಿ ಮಾಡಿಕೊಂಡು ಬರೆದರು.

1956ರಿಂದ ಅವರು ಶ್ರೀಲಂಕೆಯ ನಿವಾಸಿ. ಹೊಟ್ಟೆಗೇ ಇಲ್ಲದ ದೇಶಕ್ಕೆ ಉಪಗ್ರಹದ ಶೋಕಿ ಯಾಕೆ ಎನ್ನುವವರು ಆಗಲೂ ಇದ್ದರು. ಸಾಹೇಬರ ವಾದ ತದ್ವಿರುದ್ಧ: ಶಾಲೆ, ರಸ್ತೆ, ತಂತಿ ಇಲ್ಲದ ಕಡೆಗೇ ಅದು ಮೊದಲು ಬೇಕು. ಉಪಗ್ರಹವನ್ನು ಮೇಷ್ಟ್ರೆಂದೇ ಕರೆದು ಲೇಖನ ಬರೆದರು. ನಮ್ಮ ವಿಕ್ರಮ್ ಸಾರಾಭಾಯ್ ಅವರ ಕನಸೂ ಅದೇ ಆಗಿತ್ತು. ಸಾರಾಭಾಯ್ 1971ರಲ್ಲಿ ತೀರಿಕೊಂಡರು, ಕನಸು ಉಳಿಯಿತು.

1975ರ ಆಗಸ್ಟ್ 1. ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎ.ಟಿ.ಎಸ್-6 ಉಪಗ್ರಹದಿಂದ ‘ಸೈಟ್’ ಪ್ರಯೋಗ ಶುರು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಕರ್ನಾಟಕದ ಪಾಲಿಗೆ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಬೆಂಗಳೂರಲ್ಲ ಸ್ವಾಮಿ, ಗುಲ್ಬರ್ಗಾ! ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಲ್ಲಿ ಮಾಡಿದ ಹತ್ತು ಅಡಿ ಅಗಲದ ಡಿಶ್ಶು, ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ಆಗಿನ ಉಪಗ್ರಹ ನಿಂತದ್ದು ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ. ಹಾಗಾಗಿ ಡಿಶ್ಶುಗಳ ಮುಖ ಇವತ್ತಿನಂತಲ್ಲ, ಪಡುವಣದ ಕಡೆಗೆ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಅದೂ ಕನ್ನಡದಲ್ಲಿ! ಟಾಕೀಸಿಗೆ ಎತ್ತಿನ ಗಾಡಿ ಕಟ್ಟಬೇಕಾದ ಊರಿಗೆ ತೆರೆಯೇ ನಡೆದು ಬಂತು. ಬಹಳ ಮುಂದೆ ಹೋದ ಯಂತ್ರವಿದ್ಯೆ ನೋಡುವವರಿಗೆ ಇಂದ್ರಜಾಲದಂತೆ ತೋರುತ್ತದೆಂಬುದು ಕ್ಲಾರ್ಕರ ಹೆಸರಾಂತ ಮಾತು. ನಮ್ಮ ಜನಕ್ಕೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲೊಂದು ಸ್ವಾರಸ್ಯ. ನಮ್ಮ ಇಸ್ರೋ ಎಂಜಿನಿಯರುಗಳು ಕೊಲಂಬೋಕ್ಕೆ ಹೋಗಿ ಸಾಹೇಬರ ಮನೆಯಲ್ಲೂ ಒಂದು ಡಿಶ್ಶು ನಿಲ್ಲಿಸಿ ಬಂದರು. ಶ್ರೀಲಂಕೆಗೆ ಟಿ.ವಿ. ಪ್ರಸಾರ ಬಂದದ್ದೇ 1979ರಲ್ಲಿ! ಮೂವತ್ತು ವರ್ಷದ ಹಿಂದೆ ಕಾಗದದ ಮೇಲೆ ಬರೆದದ್ದು ಕಣ್ಣೆದುರು ಬಂತು. ಗುಲ್ಬರ್ಗಾ ಹಳ್ಳಿಗೆ ಇಳಿಯುತ್ತಿದ್ದ ಅಲೆಯೇ ಅಲ್ಲಿಗೂ ಇಳಿಯುತ್ತಿತ್ತು. ಅಂದ ಮೇಲೆ ಸಾಹೇಬರ ಪೆಟ್ಟಿಗೆಯೂ ಆಗಾಗ ಕನ್ನಡ ಮಾತಾಡಿರಲೇಬೇಕು. ಅರ್ಥವಾಯಿತೋ ಇಲ್ಲವೋ!

1976ರ ಜುಲೈ 31ಕ್ಕೆ ಆಟ ಬಂದ್. ಕರಾರು ಮುಗಿದಿತ್ತು, ಉಪಗ್ರಹ ಹೊರಟುಹೋಯಿತು. ಒಂದು ವರ್ಷ ಟಿ.ವಿ. ಮುಂದೆ ಪಾಠ ಕೇಳಿದ ಹುಡುಗ ಮರುದಿನದಿಂದ ಮತ್ತೆ ಕರಿಹಲಗೆಯ ಮುಂದೆ. ತೋರಿಸಿ ಕಿತ್ತುಕೊಂಡರಲ್ಲ ಎನಿಸುವುದಿಲ್ಲವೇ? ಗುಲ್ಬರ್ಗಾದಲ್ಲೇ ನೆಲದ ಮೇಲಿನ ದೂರದರ್ಶನ ಕೇಂದ್ರ ಶುರುವಾದದ್ದು 1977ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿಗೆ ಆ ಭಾಗ್ಯ 1981ರಲ್ಲಿ.

ದೊಡ್ಡ ವಿಜ್ಞಾನಿಗಳು ‘ಆಗೋದಿಲ್ಲ’ ಎಂದರೆ ಅಷ್ಟಾಗಿ ನಂಬಬೇಡಿ ಎನ್ನುತ್ತಿದ್ದ ಈ ಅಜ್ಜ, ಕೊನೆಗಾಲದಲ್ಲಿ ಗಾಲಿಕುರ್ಚಿ ಹಿಡಿದರು. 2007ರ ಡಿಸೆಂಬರಿನಲ್ಲಿ ತೊಂಬತ್ತು ತುಂಬಿದಾಗ ಮೂರು ಆಸೆ ಹೇಳಿಕೊಂಡರು. ಬೇರೆ ಲೋಕದಲ್ಲಿ ಜೀವವಿದೆ ಎಂಬ ಸುಳಿವು ಸಿಗಲಿ, ಮನುಷ್ಯ ಎಣ್ಣೆಯ ಚಟ ಬಿಡಲಿ, ಶ್ರೀಲಂಕೆಯಲ್ಲಿ ಶಾಂತಿ ನೆಲೆಸಲಿ. ಕೈತಪ್ಪಿದ ಆ ಡಾಲರುಗಳ ಮಾತು ಪಟ್ಟಿಯಲ್ಲಿರಲಿಲ್ಲ. ಲಂಕೆಯ ಯುದ್ಧ ನಿಂತದ್ದು 2009ರ ಮೇ ತಿಂಗಳಲ್ಲಿ; ಸಾಹೇಬರು 2008ರ ಮಾರ್ಚ್ 19ರಂದೇ ಕೊಲಂಬೋದಲ್ಲಿ ಕಣ್ಣು ಮುಚ್ಚಿದ್ದರು.