ಸಾವಿರ ಚೂರುಗಳ ಯಾಲ್ಟಾ

ಎಡಗಡೆ ಚರ್ಚಿಲ್, ನಡುವೆ ರೂಸ್‌ವೆಲ್ಟ್, ಬಲಗಡೆ ಸ್ಟಾಲಿನ್. 1945ರ ಫೆಬ್ರವರಿಯಲ್ಲಿ, ಎರಡನೇ ಮಹಾಯುದ್ಧದ ಮಿತ್ರರಾಷ್ಟ್ರಗಳಾದ ಬ್ರಿಟನ್, ಅಮೆರಿಕ, ಸೋವಿಯತ್ ಒಕ್ಕೂಟದ ಈ ನಾಯಕರ ಸಮ್ಮೇಳನದ ವೇಳೆ, ಕ್ರಿಮಿಯಾದ ಯಾಲ್ಟಾ ಬಳಿ, ಲಿವಾಡಿಯಾ ಅರಮನೆಯ ಅಂಗಳದಲ್ಲಿ ತೆಗೆದ ಈ ಚಿತ್ರ ಶಾಲೆಯ ಇತಿಹಾಸ ಪುಸ್ತಕಗಳಿಂದಲೇ ನಮಗೆ ಪರಿಚಿತ. ಆದರೆ ಎಷ್ಟು ಹೊತ್ತು ನೋಡಿರುತ್ತೇವೆ? ಮೂರು ಮುಖ ಗುರುತಾಗುವಷ್ಟು ಹೊತ್ತು, ಅಷ್ಟೇ. ಅದೇ ಚಿತ್ರ ಜಿಗ್ಸಾ ಪಜಲ್ ಆಗಿ, ಸಾವಿರ ಚೂರಾಗಿ ಮೇಜಿನ ಮೇಲೆ ಬಿದ್ದರೆ ಅದರ ಅಂಗುಲ ಅಂಗುಲವನ್ನೂ ನೋಡದೆ ವಿಧಿಯಿಲ್ಲ. ಯುದ್ಧಕಾಲದ ರಾಜಕೀಯ ಚಿತ್ರವೊಂದನ್ನು ಓದಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಜಿಗ್ಸಾ ಹುಟ್ಟಿದ್ದೇ ಯುರೋಪಿನ ನಕ್ಷೆಯನ್ನು ಕತ್ತರಿಸಿ. ಲಂಡನ್ನಿನ ನಕ್ಷೆಗಾರ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ನಕ್ಷೆಗಳನ್ನು ತೆಳುವಾದ ಮರದ ಹಲಗೆಗೆ ಅಂಟಿಸಿ, ರಾಜ್ಯಗಳ ಗಡಿಯುದ್ದಕ್ಕೂ ಗರಗಸ ಆಡಿಸಿ, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದ. ಅಗ್ಗದ ಮಾದರಿಯೂ ಇತ್ತು. ಅದರಲ್ಲಿ ಸಮುದ್ರದ ಭಾಗ ಇರುತ್ತಿರಲಿಲ್ಲ, ನೆಲ ಮಾತ್ರ. ದೊಡ್ಡವರಿಗೆ ಈ ಹುಚ್ಚು ಹಿಡಿದದ್ದು ಬಹಳ ತಡವಾಗಿ, 1908ರ ಸುಮಾರಿಗೆ. ಆಗಿನ ಪೆಟ್ಟಿಗೆಯ ಮೇಲೆ ನೋಡಿಕೊಂಡು ಜೋಡಿಸಲು ಚಿತ್ರ ಇರುತ್ತಿರಲಿಲ್ಲ, ಶೀರ್ಷಿಕೆ ಮಾತ್ರ ಇರುತ್ತಿತ್ತು. ಆಮೇಲೆ ಬಂತು ಮಹಾ ಆರ್ಥಿಕ ಕುಸಿತ. ಕೆಲಸ ಕಳೆದುಕೊಂಡ ಅಮೆರಿಕದಲ್ಲಿ 1933ರ ಆರಂಭದ ಹೊತ್ತಿಗೆ ವಾರಕ್ಕೆ ಸುಮಾರು 1 ಕೋಟಿ ರಟ್ಟಿನ ಪಜಲ್‌ಗಳು ಮಾರಾಟವಾಗುತ್ತಿದ್ದವು.

ರಟ್ಟಿನ ಜಿಗ್ಸಾಗೆ ಗರಗಸವೇ ಬೇಡ. ಮುದ್ರಿಸಿದ ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿ, ಸೊಟ್ಟಗಾಗದಂತೆ ಒಣಗಿಸುತ್ತಾರೆ. ನಿಜವಾದ ಕೈಚಳಕ ಇರುವುದು ಅಚ್ಚಿನಲ್ಲಿ. ತೆಳು ಉಕ್ಕಿನ ಪಟ್ಟಿಗಳನ್ನು ನುರಿತ ಕೆಲಸಗಾರರು ಒಂದೊಂದಾಗಿ ಬಗ್ಗಿಸಿ, ಒಂದು ಚೂರಿನ ಉಬ್ಬು ಪಕ್ಕದ ಚೂರಿನ ಕಚ್ಚಿನಲ್ಲಿ ಸರಿಯಾಗಿ ಕೂರುವಂತೆ ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಮುಂದಿನದು ಪ್ರೆಸ್ಸಿನ ಕೆಲಸ. ಸಾವಿರದ ಪಜಲ್ ಎನ್ನುವುದರಲ್ಲಿ ಎಷ್ಟೋ ಸಲ ಅಡ್ಡಕ್ಕೆ 38, ಉದ್ದಕ್ಕೆ 27ರ ಲೆಕ್ಕದಲ್ಲಿ 1,026 ಚೂರುಗಳಿರುತ್ತವೆ.

ಯಾಲ್ಟಾ ಚಿತ್ರ ಜಿಗ್ಸಾಗೆ ಸುಲಭವಾಗಿ ಒದಗಿತು. ಅಮೆರಿಕದ ಸೇನೆಯ ಛಾಯಾಗ್ರಾಹಕರು ಕರ್ತವ್ಯದ ಮೇಲೆ ತೆಗೆದ ಚಿತ್ರಗಳಿಗೆ ಆ ದೇಶದ ಕಾನೂನಿನಲ್ಲಿ ಹಕ್ಕುಸ್ವಾಮ್ಯವಿಲ್ಲ. ಯಾರು ಬೇಕಾದರೂ ಅಚ್ಚು ಹಾಕಬಹುದು. ಜೋಡಿಸುವುದು ಮಾತ್ರ ಕಷ್ಟ. ಕಪ್ಪು ಬಿಳುಪಿನ ಪ್ರತಿಯಲ್ಲಿ ಮೇಲಂಗಿ, ಕಲ್ಲಿನ ಗೋಡೆ, ನೆರಳು ಎಲ್ಲವೂ ಬೂದು. ಮುಖಗಳು ಬೇಗ ಮುಗಿದುಹೋಗುತ್ತವೆ. ಆಮೇಲೆ ಉಳಿಯುವುದರಲ್ಲೇ ಇತಿಹಾಸವಿದೆ.

ಕಲ್ಲುಹಾಸಿನ ಮೇಲೆ ಹಾಸಿದ ರತ್ನಗಂಬಳಿಗಳನ್ನೇ ನೋಡಿ. ಕೊನೆಯ ತ್ಸಾರ್ ಎರಡನೇ ನಿಕೋಲಸ್ 1911ರಲ್ಲಿ ಕಟ್ಟಿಸಿದ ಈ ಅರಮನೆಯನ್ನು ಜರ್ಮನ್ ಸೇನೆ ಹಿಂದೆಗೆಯುವಾಗ ದೋಚಿತ್ತು. ಸಮ್ಮೇಳನಕ್ಕೆಂದು ಮಾಸ್ಕೋದ ಹೋಟೆಲುಗಳಿಂದ ಪೀಠೋಪಕರಣಗಳನ್ನು ರೈಲಿನಲ್ಲಿ ತರಿಸಿ ತರಾತುರಿಯಲ್ಲಿ ಸಜ್ಜುಗೊಳಿಸಿದರು. ರೂಸ್‌ವೆಲ್ಟ್‌ರ ನಿಲುವಂಗಿಯ ಚೂರುಗಳು ಕೈಗೆ ಬಂದಾಗ ನಾನು ತಡೆದು ಕೂರುತ್ತೇನೆ. ಕಾಲುಗಳ ಬಲ ಕಸಿದ 1921ರ ಕಾಯಿಲೆಯ ನಂತರ, ಕಾಲಿಗೆ ಕಟ್ಟುವ ಉಕ್ಕಿನ ಪಟ್ಟಿಗಳಿಲ್ಲದೆ ಅವರು ನಿಲ್ಲಲಾರದಾಗಿದ್ದರು. ಯಾಲ್ಟಾದಿಂದ ಮರಳಿ, ಮಾರ್ಚ್ 1ರಂದು ಅಮೆರಿಕದ ಸಂಸತ್ತಿನೆದುರು ಕುಳಿತೇ ಮಾತನಾಡುತ್ತ ಆ ಉಕ್ಕಿನ ಭಾರವನ್ನು ಬಾಯಿಬಿಟ್ಟು ಹೇಳಿದರು. ಏಪ್ರಿಲ್ 12ಕ್ಕೆ ತೀರಿಕೊಂಡರು.

ಹಿಂದೆ ನಿಂತವರ ಸಾಲನ್ನು ಪೆಟ್ಟಿಗೆಯ ಮೇಲಿನ ಬರಹ ಸಾಮಾನ್ಯವಾಗಿ ಮರೆತೇಬಿಡುತ್ತದೆ. ಅಂದು ತೆಗೆದ ಹಲವು ಚಿತ್ರಗಳ ಪೈಕಿ ಒಂದರಲ್ಲಿ ಮೂರೂ ದೇಶಗಳ ವಿದೇಶಾಂಗ ಸಚಿವರಾದ ಈಡನ್, ಸ್ಟೆಟಿನಿಯಸ್, ಮೊಲೊಟೊವ್ ಇದ್ದಾರೆ, ಇನ್ನೊಂದರಲ್ಲಿ ಸೇನಾಧಿಕಾರಿಗಳು. ಪೋಲೆಂಡಿನವರು ಯಾವುದರಲ್ಲೂ ಇಲ್ಲ. ಆ ದೇಶದ ಪೂರ್ವದ ಗಡಿಯನ್ನು ಪಶ್ಚಿಮಕ್ಕೆ ಸರಿಸಲು ಒಪ್ಪಿದ ಸಭೆಗೆ ಆ ದೇಶದ ಒಬ್ಬರನ್ನೂ ಕರೆದಿರಲಿಲ್ಲ. ಸ್ಪಿಲ್ಸ್‌ಬರಿ ಮರದ ಹಲಗೆಯಲ್ಲಿ ಮಾಡಿದ್ದನ್ನು ಈ ಮೂವರು ನಾಯಕರು ನೆಲದ ಮೇಲೆಯೇ ಮಾಡಿದರು. ಲಕ್ಷಾಂತರ ಜನ ಮನೆಮಠ ಬಿಟ್ಟು ಹೊರಡಬೇಕಾಯಿತು.

ನಮ್ಮವರೂ ಚಿತ್ರದಲ್ಲಿಲ್ಲ, ಭಾರತದ ಸುಮಾರು 25 ಲಕ್ಷ ಸೈನಿಕರು ಆ ಯುದ್ಧದಲ್ಲಿ ದುಡಿದಿದ್ದರೂ. ಆದರೆ ವಿಶ್ವಸಂಸ್ಥೆ ಕಟ್ಟಲು ಏಪ್ರಿಲ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಬೇಕೆಂದು ಯಾಲ್ಟಾದಲ್ಲೇ ತೀರ್ಮಾನವಾಯಿತು. ಅಲ್ಲಿಗೆ ಭಾರತದ ನಿಯೋಗ ಕರೆದೊಯ್ದು ಸನ್ನದಿಗೆ ಸಹಿ ಹಾಕಿದವರು ಸರ್ ಎ. ರಾಮಸ್ವಾಮಿ ಮೊದಲಿಯಾರ್. ಮರುವರ್ಷ ಮೈಸೂರಿನ ದಿವಾನರಾಗಿ ಬಂದ ಅವರೇ ಆ ಸಂಸ್ಥಾನದ ಕೊನೆಯ ದಿವಾನರು.

ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಐನೂರು ಚೂರಿನದನ್ನು ತನ್ನಿ. ಸಾವಿರದ್ದು ಅವರ ತಾಳ್ಮೆ ಕೆಡಿಸೀತು. ಜೊತೆಗೆ ಯುರೋಪಿನ ಎರಡು ನಕ್ಷೆಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ, ಒಂದು 1938ರದು, ಇನ್ನೊಂದು ಈಗಿನದು. ಮೊದಲು ಲ್ವಿವ್ ನಗರವನ್ನು ಹುಡುಕಲು ಹೇಳಿ. ಅಂದು ಅದು ಪೋಲೆಂಡಿನಲ್ಲಿತ್ತು, ಇಂದು ಉಕ್ರೇನಿನಲ್ಲಿದೆ.