ನಡುವಣ ಅಳತೆಯ ಗುಂಡು

ಪಂಪ ರನ್ನರ ಕಾವ್ಯಗಳಲ್ಲಿ ಬರುವ ಬಿಲ್ಲು ಗದೆಗಳ ವರ್ಣನೆಯನ್ನು ತರಗತಿಯಲ್ಲಿ ವಿವರಿಸುತ್ತ ಆಯುಷ್ಯ ಕಳೆದವನಿಗೆ ಪಿಸ್ತೂಲಿನ ಗೊಡವೆ ಏಕೆಂದು ಕೆಲವರಾದರೂ ಕೇಳಬಹುದು. ಕಾರಣ ದೊಡ್ಡದೇನೂ ಅಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳಿವೆ. ಮದುವೆ, ಜಾತ್ರೆ, ಸಹಕಾರಿ ಸಂಘದ ಸಭೆ ಎಂದು ಅಲ್ಲಿಗೆ ಹೋದಾಗಲೆಲ್ಲ ಪರವಾನಗಿ ಪಡೆದು ಪಿಸ್ತೂಲನ್ನೋ ರಿವಾಲ್ವರನ್ನೋ ಇಟ್ಟುಕೊಂಡವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರ ಸಂಖ್ಯೆ ಕಡಿಮೆ. ಅವರ ಅಭಿಪ್ರಾಯಗಳು ಮಾತ್ರ ಹೇರಳ. ಆ ಅಭಿಪ್ರಾಯಗಳೆಲ್ಲ ಸುತ್ತುವುದು ಒಂದೇ ಅಂಕಿಯ ಸುತ್ತ. ಅದು ಮೂವತ್ತೆರಡು. ಅವರು ಅದನ್ನು ‘ಪಾಯಿಂಟ್ ೩೨’ ಎನ್ನುತ್ತಾರೆ. ಈ ಅಂಕಿಯ ಅರ್ಥವೇನು, ನಮ್ಮ ಸೀಮೆಯವರ ಕೈಗೆ ಇದೇ ಏಕೆ ಬಂತು, ಇದು ಸಣ್ಣದೋ ಸಾಕಾದದ್ದೋ ಎಂಬ ಅವರ ವಾದದಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಇಂದು ವಿಚಾರಿಸೋಣ.

ಮೊದಲು ಶಬ್ದದಿಂದಲೇ ಹೊರಡುವುದು ನಮ್ಮಂಥವರ ಅಭ್ಯಾಸ. ‘ಕೋವಿ’ ಎಂದರೆ ಕೊಳವೆ. ಕನ್ನಡಿಗ ಈ ಆಯುಧದಲ್ಲಿ ಮೊದಲು ಕಂಡದ್ದು ಅದರ ನಳಿಗೆಯನ್ನು. ‘ಬಂದೂಕು’ ಬಂದದ್ದು ಅರಬ್ಬಿಯಿಂದ. ಅಲ್ಲಿ ‘ಬುಂದುಕ್’ ಎಂಬುದು ಮೊದಲು ಒಂದು ಬಗೆಯ ಬೀಜದ ಕಾಯಿ; ಆ ಕಾಯಿಯಷ್ಟು ದಪ್ಪನಾದ ಗುಂಡಿಗೆ ಅದೇ ಹೆಸರಾಗಿ, ಕೊನೆಗೆ ಗುಂಡನ್ನು ಹಾರಿಸುವ ಆಯುಧಕ್ಕೂ ಅದೇ ಉಳಿಯಿತು. ಹೀಗೆ ಒಂದು ಹೆಸರು ನಳಿಗೆಯನ್ನು ಹೇಳಿದರೆ ಇನ್ನೊಂದು ಗುಂಡಿನ ಗಾತ್ರವನ್ನು ಹೇಳುತ್ತದೆ. ಇವೆರಡು ಕೂಡಿದರೆ ಇಂದಿನವರು ‘ಬೋರು’ ಎನ್ನುವ ವಿಷಯವಾಯಿತು: ನಳಿಗೆಯ ಒಳವ್ಯಾಸ ಎಷ್ಟು, ಅದರಲ್ಲಿ ಹಾಯುವ ಗುಂಡು ಎಷ್ಟು ದಪ್ಪ.

ಅಳೆಯುವ ಕ್ರಮ ಮಾತ್ರ ಎಲ್ಲ ಆಯುಧಗಳಿಗೂ ಒಂದೇ ಅಲ್ಲ. ರೈತರ ಮನೆಯ ಹನ್ನೆರಡು ಬೋರಿನ ಕೋವಿಯನ್ನು ನೋಡಿ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆಗಳನ್ನಾಗಿ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪವಾಗುವುದೋ ಆ ನಳಿಗೆಯ ಬಾಯಿ ಅಷ್ಟು ಅಗಲ, ಸುಮಾರು ೧೮.೫ ಮಿಲಿಮೀಟರ್. ಈ ಲೆಕ್ಕದಲ್ಲಿ ಅಂಕಿ ಹೆಚ್ಚಿದಂತೆ ಬಾಯಿ ಕಿರಿದಾಗುತ್ತದೆ. ಪಿಸ್ತೂಲಿನ ಲೆಕ್ಕ ಇದಕ್ಕೆ ವಿರುದ್ಧ. ಪಾಯಿಂಟ್ ೩೨ ಎಂದರೆ ಒಂದು ಅಂಗುಲದ ನೂರರಲ್ಲಿ ಮೂವತ್ತೆರಡು ಪಾಲು, ಹೆಚ್ಚುಕಡಿಮೆ ಎಂಟು ಮಿಲಿಮೀಟರ್. ಯುರೋಪಿನವರು ಇದೇ ಪಿಸ್ತೂಲಿನ ಕಾಡತೂಸನ್ನು ೭.೬೫ ಮಿಲಿಮೀಟರ್ ಎಂದು ಕರೆಯುತ್ತಾರೆ. ಹೆಸರು ಎರಡು, ವಸ್ತು ಒಂದು. ಈ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ; ಮುಂದೆ ಇದು ಬೇಕಾಗುತ್ತದೆ. ಇನ್ನೊಂದು ಎಚ್ಚರವೂ ಬೇಕು. ಮೂವತ್ತೆರಡರ ರಿವಾಲ್ವರಿನ ಕಾಡತೂಸು ಬೇರೆ, ಮೂವತ್ತೆರಡರ ಪಿಸ್ತೂಲಿನ ಕಾಡತೂಸು ಬೇರೆ. ಮೊದಲನೆಯದು ಉದ್ದ, ಅದರ ಬುಡಕ್ಕೆ ಎದ್ದು ಕಾಣುವ ಅಂಚು, ಎರಡನೆಯದು ಗಿಡ್ಡ. ಅಂಕಿ ಒಂದೇ ಎಂದು ಒಂದನ್ನು ಇನ್ನೊಂದರಲ್ಲಿ ಹಾಕುವಂತಿಲ್ಲ.

ಪಿಸ್ತೂಲಿನ ಈ ಕಾಡತೂಸನ್ನು ರೂಪಿಸಿದವನು ಅಮೆರಿಕದ ಜಾನ್ ಬ್ರೌನಿಂಗ್. ೧೮೯೯ರಲ್ಲಿ ಬೆಲ್ಜಿಯಂ ದೇಶದ ಕಾರ್ಖಾನೆಯೊಂದು ಅದನ್ನು ಹೊರತಂದಿತು. ಕಿಸೆಯಲ್ಲಿ ಹಿಡಿಯುವ ಪಿಸ್ತೂಲು ಯುರೋಪಿನ ಪೇಟೆಗಳಲ್ಲಿ ಮನೆಮಾತಾದದ್ದು ಅಲ್ಲಿಂದ ಮುಂದೆ.

ಇದು ನಮ್ಮ ಸವಣೂರು ಶಿಗ್ಗಾವಿಗಳವರೆಗೆ ಬಂದದ್ದು ಜನರ ಆಯ್ಕೆಯಿಂದಲ್ಲ, ಕಾಯಿದೆಯ ದಾರಿಯಿಂದ. ಜನರ ಕೈಯ ಆಯುಧಕ್ಕೆ ಸರಕಾರ ಲೆಕ್ಕ ಕೇಳುವ ಪದ್ಧತಿ ನಮ್ಮ ಭಾಗದಲ್ಲಿ ರಕ್ತದಿಂದಲೇ ಆರಂಭವಾಯಿತು. ೧೮೫೭ರ ನಿಶ್ಶಸ್ತ್ರೀಕರಣದ ಆಜ್ಞೆಗೆ ಮಣಿಯದೆ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರಿನಲ್ಲಿ ಕಂಪನಿಯ ಸೈನ್ಯ ಊರಿಗೆ ನುಗ್ಗಿತು. ಆ ಕಥೆಯ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ನಮ್ಮ ಸಾಹಿತ್ಯದ ಭಾಗವೂ ಆಗಿದೆ. ೧೮೭೮ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಶಸ್ತ್ರ ಕಾಯಿದೆ ಬಂತು. ಸ್ವತಂತ್ರ ಭಾರತ ಅದನ್ನು ತೆಗೆದು ೧೯೫೯ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಈಗ ಅದರ ಜೊತೆಗೆ ೨೦೧೬ರ ನಿಯಮಗಳಿವೆ, ೨೦೧೯ರ ತಿದ್ದುಪಡಿಯೂ ಇದೆ. ಹಿಂದೆ ಒಬ್ಬರು ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಾಗಿತ್ತು. ಆ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು.

ಈ ಕಾಯಿದೆ ಆಯುಧಗಳನ್ನು ನಿಷೇಧಿತ ಬೋರು, ನಿಷೇಧವಿಲ್ಲದ ಬೋರು ಎಂದು ವಿಂಗಡಿಸುತ್ತದೆ. ಸೈನ್ಯ ಪೊಲೀಸರ ಒಂಬತ್ತು ಮಿಲಿಮೀಟರಿನ ಪಿಸ್ತೂಲು, ಅವರ ಹಳೆಯ ಮೂವತ್ತೆಂಟರ ರಿವಾಲ್ವರು ಮೊದಲನೆಯ ವರ್ಗಕ್ಕೆ ಸೇರಿದವು. ಇದರ ಹಿಂದಿನ ತರ್ಕ ಸರಳವಾದುದು: ಸಿಪಾಯಿಯ ಉಗ್ರಾಣದ ಕಾಡತೂಸು ಕಳವಾದರೆ ಅದು ಊರಿನ ಯಾವ ಪಿಸ್ತೂಲಿಗೂ ಹೊಂದಬಾರದು. ಆದುದರಿಂದ ಸಾಮಾನ್ಯ ನಾಗರಿಕನ ಪಾಲಿಗೆ ಉಳಿದ ಕೈಬಂದೂಕುಗಳಲ್ಲಿ ಮೂವತ್ತೆರಡೇ ಮುಖ್ಯವಾಯಿತು. ನಮ್ಮ ಸರಕಾರಿ ಶಸ್ತ್ರ ಕಾರ್ಖಾನೆಗಳು ತಯಾರಿಸಿದ ಮೂವತ್ತೆರಡರ ಪಿಸ್ತೂಲಿನ ಹೆಸರು ‘ಅಶನಿ’, ಎಂದರೆ ಸಿಡಿಲು. ಹೆಂಗಸರ ರಕ್ಷಣೆಗೆಂದು ೨೦೧೪ರಲ್ಲಿ ಕಾನಪುರದಿಂದ ಬಂದ ಅರ್ಧ ಕಿಲೋ ತೂಕದ ರಿವಾಲ್ವರಿಗೆ ‘ನಿರ್ಭೀಕ್’ ಎಂದು ಹೆಸರಿಟ್ಟರು. ಆಗ ಅದರ ಬೆಲೆ ಸುಮಾರು ೧ ಲಕ್ಷ ೨೨ ಸಾವಿರ ರೂಪಾಯಿ. ಹೆಸರಿಡುವವರಿಗೆ ಸಂಸ್ಕೃತದ ಮೇಲೆ ಪ್ರೀತಿ ಇದ್ದಂತಿದೆ.

ಇನ್ನು ಇಟ್ಟುಕೊಂಡವರ ಅಭಿಪ್ರಾಯಗಳಿಗೆ ಬರೋಣ. ಇವುಗಳಲ್ಲಿ ನಾಲ್ಕು ಪಕ್ಷಗಳಿವೆ. ಹಾನಗಲ್ಲಿನ ಕಡೆ ಮಾವಿನ ತೋಟವುಳ್ಳವರೊಬ್ಬರ ಮಾತು ಇದು: “ಸರ, ಇದು ಭಾಳ ಸಣ್ಣದು. ನಾಯಿ ಬೆದರ್ಸಾಕ ಆದೀತು, ಅಡವಿ ಹಂದಿ ಬಂದ್ರ ಏನೂ ಆಗಂಗಿಲ್ಲ.” ಸವಣೂರಿನ ಎಲೆಯ ವ್ಯಾಪಾರದಲ್ಲಿ ರೊಕ್ಕ ಒಯ್ದು ತಂದು ಮಾಡುವವರೊಬ್ಬರು ಇದಕ್ಕೆ ಒಪ್ಪುವುದಿಲ್ಲ: “ಕಿಸೆದಾಗ ಹಿಡಸ್ತದ, ಕೈ ಝಾಡಿಸಂಗಿಲ್ಲ. ನಮಗ ಇಷ್ಟ ಸಾಕ್ರಿ.” ಶಿಗ್ಗಾವಿಯ ಗುತ್ತಿಗೆದಾರರೊಬ್ಬರಿಗೆ ಪೊಲೀಸರ ಒಂಬತ್ತು ಮಿಲಿಮೀಟರೋ ಅಮೆರಿಕದವರ ‘ನಲವತ್ತೋ’ ಬೇಕಾಗಿತ್ತು, ಕಾಯಿದೆ ತಮ್ಮ ಕೈ ಕಟ್ಟಿಹಾಕಿದೆಯೆಂಬುದು ಅವರ ದೂರು. ಹಿರೇಕೆರೂರಿನ ಹಿರಿಯರೊಬ್ಬರು ಇವರೆಲ್ಲರನ್ನೂ ನಕ್ಕು ಬಿಡುತ್ತಾರೆ. ಅವರಿಗೆ ತಂದೆಯ ಕಾಲದ ಜೋಡುನಳಿಗೆಯೇ ಸಾಕು: “ಅದರ ಸಪ್ಪಳಾನ ಅರ್ಧಾ ಕೆಲಸಾ ಮಾಡ್ತದ.”

ಹಂದಿಯ ಮಾತನ್ನು ಮೊದಲು ಬಗೆಹರಿಸಿಬಿಡಬಹುದು. ಗೋವಿನಜೋಳದ ಹೊಲಕ್ಕೆ ನುಗ್ಗುವ ಹಂದಿಗೂ ಪಿಸ್ತೂಲಿಗೂ ಸಂಬಂಧವೇ ಇಲ್ಲ. ಬೆಳೆಯ ರಕ್ಷಣೆಗೆ ಕಾಯಿದೆ ಮದ್ದು ತುಂಬುವ ಹಳೆಯ ಕೋವಿಯನ್ನು ಹೆಸರಿಸಿಯೇ ಹೇಳಿದೆ. ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೂ ದಾರಿ ಸುಲಭ. ಪಿಸ್ತೂಲಿಗಾದರೆ ಬೇಡುವವನು ಸಕಾರಣವನ್ನು ತೋರಿಸಿ ಅಧಿಕಾರಿಯನ್ನು ಒಪ್ಪಿಸಬೇಕು. ಹಂದಿಯನ್ನು ಕೊಲ್ಲುವುದು ೧೯೭೨ರ ವನ್ಯಜೀವಿ ಕಾಯಿದೆಗೂ ಒಳಪಟ್ಟ ವಿಷಯ. ಪಿಸ್ತೂಲು ಮನುಷ್ಯನ ಭಯಕ್ಕಾಗಿ ಮನುಷ್ಯನ ಮೇಲೆ ಹಿಡಿಯುವ ಆಯುಧ. ಇದನ್ನು ಒಪ್ಪಿಕೊಂಡೇ ಗಾತ್ರದ ಚರ್ಚೆ ಆರಂಭಿಸಬೇಕು.

ಗುತ್ತಿಗೆದಾರರು ಆಸೆಪಟ್ಟ ‘ನಲವತ್ತ’ರ ಚರಿತ್ರೆ ಇಲ್ಲಿ ಬೋಧಪ್ರದವಾಗಿದೆ. ೧೯೮೬ರ ಏಪ್ರಿಲ್ ೧೧ರಂದು ಅಮೆರಿಕದ ಮಯಾಮಿಯಲ್ಲಿ ಅಲ್ಲಿನ ಕೇಂದ್ರ ತನಿಖಾದಳ ಎಫ್.ಬಿ.ಐ.ಗೂ ಇಬ್ಬರು ದರೋಡೆಕಾರರಿಗೂ ಗುಂಡಿನ ಕಾಳಗವಾಗಿ ಇಬ್ಬರು ಅಧಿಕಾರಿಗಳು ಸತ್ತರು. ದರೋಡೆಕಾರನಿಗೆ ಮೊದಲೇ ತಗಲಿದ ಒಂಬತ್ತು ಮಿಲಿಮೀಟರಿನ ಗುಂಡು ಹೃದಯವನ್ನು ಮುಟ್ಟದೆ ನಿಂತಿತ್ತು. ಅವನು ಹೋರಾಟ ಮುಂದುವರಿಸಿದ್ದ. ಗುಂಡು ಸಣ್ಣದಾಯಿತೆಂದು ಕೂಗೆದ್ದಿತು. ಒಂಬತ್ತಕ್ಕೂ ದೊಡ್ಡ ‘ನಲವತ್ತೈದ’ಕ್ಕೂ ನಡುವೆ ಒಂದು ಅಳತೆ ಬೇಕೆಂದು ೧೯೯೦ರಲ್ಲಿ ‘ನಲವತ್ತು’ ಹುಟ್ಟಿತು. ಅಲ್ಲಿನ ಪೊಲೀಸರಲ್ಲಿ ಬಹುಮಂದಿ ಅದನ್ನು ಅಪ್ಪಿಕೊಂಡರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಅದೇ ಎಫ್.ಬಿ.ಐ. ಒಂಬತ್ತಕ್ಕೇ ಮರಳಿತು. ಹೊಸ ಬಗೆಯ ಗುಂಡುಗಳಲ್ಲಿ ಎರಡರ ಪರಿಣಾಮಕ್ಕೂ ಹೇಳಿಕೊಳ್ಳುವ ಅಂತರವಿಲ್ಲ, ಒಂಬತ್ತು ಕೈಯನ್ನು ಕಡಿಮೆ ಒದೆಯುತ್ತದೆ, ಗುರಿ ಹೆಚ್ಚು ಸರಿಯಾಗಿ ತಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ನಡುವಣ ಅಳತೆಯನ್ನು ಇಂದೂ ಬಿಡದೆ ಸಮರ್ಥಿಸುವವರು ಅಲ್ಲಿದ್ದಾರೆ. ನಮ್ಮಲ್ಲಿ ಜೋಳದ ರೊಟ್ಟಿ ಹೆಚ್ಚೋ ಸಜ್ಜೆಯದು ಹೆಚ್ಚೋ ಎಂದು ನಡೆಯುವ ವಾದದಷ್ಟೇ ಮುಗಿಯದ ವಾದ ಅದು.

ಗುಂಡು ತಾಗಿದವನು ಹಾರಿಬೀಳುತ್ತಾನೆಂಬ ನಂಬಿಕೆಯನ್ನು ನಮಗೆ ಕೊಟ್ಟದ್ದು ಸಿನಿಮಾ. ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಮೂವತ್ತೆರಡರ ಗುಂಡು ಸುಮಾರು ೪.೬ ಗ್ರಾಂ ತೂಕ. ಸೆಕೆಂಡಿಗೆ ಸುಮಾರು ೨೭೫ ಮೀಟರ್ ವೇಗ. ತೂಕವನ್ನೂ ವೇಗವನ್ನೂ ಗುಣಿಸಿದರೆ ಬರುವ ನೂಕುಬಲ ಎಷ್ಟೆಂದರೆ, ಹುಡುಗನೊಬ್ಬ ಗಂಟೆಗೆ ಮೂವತ್ತು ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಷ್ಟು. ಒಂಬತ್ತು ಮಿಲಿಮೀಟರಿನದು ಇದರ ಸುಮಾರು ಎರಡು ಪಟ್ಟು. ಅದೂ ನಿಧಾನದ ಚೆಂಡೇ. ಗುಂಡಿನ ನೂಕು ಹೊಡೆಯುವವನ ಅಂಗೈಗೆ ಬರುವ ಒದೆತಕ್ಕಿಂತ ಹೆಚ್ಚಿರಲಾರದು. ಇದು ನ್ಯೂಟನ್ನನ ನಿಯಮ. ಹೊಡೆದವನು ಬೀಳದಿದ್ದ ಮೇಲೆ ತಾಗಿಸಿಕೊಂಡವನು ಆ ನೂಕಿನಿಂದಲೇ ಬೀಳುವುದು ಹೇಗೆ? ಗುಂಡು ಕೊಲ್ಲುವುದು ನೂಕಿ ಅಲ್ಲ, ಕೊರೆದು. ಎಲ್ಲಿ ಕೊರೆಯಿತು, ಎಷ್ಟು ಆಳ ಹೋಯಿತು ಎಂಬುದೇ ನಿರ್ಣಾಯಕ. ಎಂಟು ಮಿಲಿಮೀಟರೋ ಒಂಬತ್ತೋ ಹತ್ತೋ ಎಂಬುದು ಆ ಮೇಲಿನ ಮಾತು. ನಮ್ಮ ನಾಲ್ಕು ಪಕ್ಷದವರಲ್ಲಿ ಗುರಿಯ ಅಭ್ಯಾಸವನ್ನು ಕ್ರಮವಾಗಿ ಮಾಡಿದವರು ನನಗೆ ಸಿಗಲಿಲ್ಲ. ಪರೀಕ್ಷೆಗೆಂದು ಒಂದೆರಡು ಸಲ ಹೊಡೆದು ಕಪಾಟಿನಲ್ಲಿಟ್ಟವರೇ ಹೆಚ್ಚು. ಅಂಥ ಕೈಯಲ್ಲಿ ಬೋರು ಹಿಗ್ಗಿದರೆ ಹಿಗ್ಗುವುದು ಅಪಾಯವೊಂದೇ.

ಸಣ್ಣದು, ನಡುವಣದು ಎಂಬ ಮಾತಿಗೆ ಚರಿತ್ರೆಯ ಉತ್ತರ ಬೇರೊಂದಿದೆ. ೧೯೧೪ರಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದ ಪಿಸ್ತೂಲು ಬ್ರೌನಿಂಗನ ವಿನ್ಯಾಸದ್ದೇ; ಅದರ ಕಾಡತೂಸು ಮೂವತ್ತೆರಡಕ್ಕಿಂತ ತುಸು ದಪ್ಪ, ಪೊಲೀಸರ ಒಂಬತ್ತಕ್ಕಿಂತ ಗಿಡ್ಡ. ಒಂದು ಮಹಾಯುದ್ಧಕ್ಕೆ ಅದು ನೆಪವಾಯಿತು. ೧೯೪೮ರ ಜನವರಿ ೩೦ರಂದು ಗಾಂಧೀಜಿಯವರ ಎದೆಗೆ ಗುಂಡು ಹಾರಿಸಿದ ಇಟಲಿಯ ಬೆರೆಟ್ಟಾ ಪಿಸ್ತೂಲು ಕೂಡ ಅದೇ ಗಿಡ್ಡ ಒಂಬತ್ತಿನದು. ನಡುವಣ ಅಳತೆಯೆಂದರೆ ಇದೇ.

ಮೂವತ್ತೆರಡು ನಮ್ಮ ಮನೆಯ ಬಾಗಿಲಿಗೇ ಬಂತು. ೨೦೧೫ರ ಆಗಸ್ಟ್ ೩೦ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ತಮ್ಮ ಮನೆಯಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ವಚನಗಳನ್ನು ಸಂಪಾದಿಸಿದವರು, ಶಾಸನಗಳನ್ನು ಓದಿದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, ‘ಮಾರ್ಗ’ ಸಂಪುಟಕ್ಕಾಗಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ೨೦೧೭ರ ಸೆಪ್ಟೆಂಬರ್ ೫ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರೂ ತಮ್ಮ ಮನೆಯ ಬಾಗಿಲಲ್ಲೇ ಹಾಗೆಯೇ ಸತ್ತರು. ಎರಡೂ ಕಡೆ ದೊರೆತ ಗುಂಡುಗಳನ್ನೂ ಖಾಲಿ ಕಾಡತೂಸುಗಳನ್ನೂ ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಅವು ಒಂದೇ ನಾಡಪಿಸ್ತೂಲಿನಿಂದ ಹಾರಿದವೆಂದು ವರದಿ ಕೊಟ್ಟಿತು. ಆ ಪಿಸ್ತೂಲಿನ ಅಳತೆ ೭.೬೫ ಮಿಲಿಮೀಟರ್. ಹೆಸರು ಎರಡು, ವಸ್ತು ಒಂದು ಎಂದು ಆಗ ಹೇಳಿದೆನಲ್ಲ, ಅದೇ ಮೂವತ್ತೆರಡು ಇದು. ನಾಯಿ ಬೆದರಿಸಲಷ್ಟೇ ಸರಿ ಎಂದು ಹಾನಗಲ್ಲಿನ ಮಿತ್ರರು ಅಂದದ್ದು ಇದನ್ನೇ.

ಆ ಪಿಸ್ತೂಲಿಗೆ ಪರವಾನಗಿ ಇರಲಿಲ್ಲ, ಅದು ಕಳ್ಳದಾರಿಯ ಆಯುಧ ಎಂಬುದನ್ನು ಇಲ್ಲಿಯೇ ಹೇಳಬೇಕು. ಕಾಯಿದೆಯಂತೆ ನಡೆದು, ಚುನಾವಣೆ ಬಂದಾಗ ಆಜ್ಞೆಯಾದರೆ ಠಾಣೆಗೆ ಹೋಗಿ ಆಯುಧ ಒಪ್ಪಿಸಿ ರಸೀದಿ ತರುವ ನಮ್ಮ ತಾಲೂಕುಗಳ ಸಂಸಾರಸ್ಥರ ಮೇಲೆ ಆ ಪಾಪದ ನೆರಳನ್ನೂ ಹೊರಿಸುವುದು ಅನ್ಯಾಯ. ಅವರ ಭಯವೂ ಸುಳ್ಳಲ್ಲ. ಒಂಟಿ ಮನೆ, ರಾತ್ರಿಯ ದಾರಿ, ಕೈಯಲ್ಲಿ ರೊಕ್ಕ ಇದ್ದವನ ಕಷ್ಟವನ್ನು ಪೇಟೆಯಲ್ಲಿ ಕುಳಿತವರು ಹಗುರವಾಗಿ ನುಡಿಯಬಾರದು. ನಾನು ಹೇಳುವುದು ಇಷ್ಟು: ಗುಂಡಿನ ಲೋಕದಲ್ಲಿ ‘ಸಣ್ಣದು’ ಎಂಬ ಶಬ್ದಕ್ಕೆ ಅರ್ಥವಿಲ್ಲ. ಹಾಗೆಂದು ನಂಬಿದವನ ಮನೆಯಲ್ಲಿ ಪಿಸ್ತೂಲು ದಿಂಬಿನ ಕೆಳಗೆ ಮಲಗುತ್ತದೆ, ಮದುವೆಯ ಮೆರವಣಿಗೆಗೆ ಹೊರಡುತ್ತದೆ, ಮಗುವಿನ ಕೈಗೆ ಎಟುಕುತ್ತದೆ. ಹಾನಗಲ್ಲಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದವನೂ ಎದುರು ನಿಂತವನೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಕಲ್ಯಾಣನಗರದ ಎಪ್ಪತ್ತಾರರ ವೃದ್ಧರಿಗೆ ಎದುರಾಳಿ ಯಾರೆಂದು ತಿಳಿಯಲೂ ಸಮಯವಿರಲಿಲ್ಲ.

ಶಿಗ್ಗಾವಿ ತಾಲೂಕಿನ ಬಾಡದ ದಂಡನಾಯಕನೊಬ್ಬ ಯುದ್ಧದಲ್ಲಿ ಗಾಯಗೊಂಡು, ಆಯುಧವನ್ನು ಕೆಳಗಿಟ್ಟು ಕನಕದಾಸನಾದನೆಂದು ನಮ್ಮ ಪರಂಪರೆ ಹೇಳುತ್ತದೆ. ಎಲ್ಲರೂ ಹಾಗೆ ಕೆಳಗಿಡಲಾರರು, ನಿಜ. ಇಟ್ಟುಕೊಳ್ಳುವವರು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಒಯ್ಯುವ ಮುನ್ನ ಬೋರು ಎಷ್ಟೆಂಬ ಪ್ರಶ್ನೆಯನ್ನು ಬದಿಗಿಟ್ಟು ಮೂರು ಮಾತು ಕೇಳಿಕೊಳ್ಳಲಿ: ನನ್ನ ಭಯ ಯಾರದು, ನನ್ನ ಕೈಗೆ ಅಭ್ಯಾಸವೆಷ್ಟು, ಕಪಾಟಿನ ಕೀಲಿ ಎಲ್ಲಿರುತ್ತದೆ? ಈ ಮೂರಕ್ಕೂ ನೆಮ್ಮದಿಯ ಉತ್ತರ ದೊರೆತವರಿಗೆ ಮೂವತ್ತೆರಡು ಸಾಕು. ದೊರೆಯದವರಿಗೆ ಅದೂ ಹೆಚ್ಚೇ.