ಕೆಲಸ ಹೋದ ವರ್ಷದ ಭಾನುವಾರಗಳು

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರದ ವಂಚನೆ ಒಪ್ಪಿಕೊಂಡು ಪತ್ರ ಬರೆದಾಗ ನಾನು ಹೈದರಾಬಾದ್‌ನಲ್ಲೇ ಇದ್ದೆ. ನನ್ನದು ಬೇರೆ ಕಂಪನಿ. ಆದರೆ ಹಿಂದಿನ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ದಿವಾಳಿಯಾದ ದಿನದಿಂದಲೇ ಹೈಟೆಕ್ ಸಿಟಿಯ ಕ್ಯಾಂಟೀನುಗಳಲ್ಲಿ ನಗು ಕಡಿಮೆಯಾಗಿತ್ತು. ಮಾರ್ಚ್‌ನಲ್ಲಿ ನನ್ನ ಸರದಿಯೂ ಬಂತು.

ಆ ಭಾನುವಾರ ಸಿಕಂದರಾಬಾದಿನ ನಮ್ಮ ಚರ್ಚು ಎಂದಿಗಿಂತ ತುಂಬಿತ್ತು. ಹಬ್ಬಕ್ಕೆ ಮಾತ್ರ ಕಾಣಿಸುತ್ತಿದ್ದ ಹುಡುಗರು ಮುಂದಿನ ಸಾಲಿನಲ್ಲಿದ್ದರು. ಸಭಾಪಾಲಕರು ನ್ಯೂಯಾರ್ಕಿನ ಹಳೆಯ ಕಥೆ ಹೇಳಿದರು. 1857ರ ಸೆಪ್ಟೆಂಬರ್ 23ರಂದು ಜೆರೆಮಿಯಾ ಲ್ಯಾನ್ಫಿಯರ್ ಎಂಬುವರು ಫುಲ್ಟನ್ ಸ್ಟ್ರೀಟ್‌ನಲ್ಲಿ ಮಧ್ಯಾಹ್ನದ ಪ್ರಾರ್ಥನಾ ಕೂಟ ಶುರು ಮಾಡಿದಾಗ ಬಂದವರು ಆರೇ ಮಂದಿ. ಮರುತಿಂಗಳು ಬ್ಯಾಂಕುಗಳು ನಾಣ್ಯ ಕೊಡುವುದನ್ನೇ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಅಂಥ ಕೂಟಗಳಿಗೆ ಸಾವಿರಾರು ಜನ ಸೇರತೊಡಗಿದರು. ಕಷ್ಟ ಬಂದಾಗ ಜನ ದೇವರ ಬಳಿಗೆ ಬರುತ್ತಾರೆ ಎಂಬುದು ಪ್ರಸಂಗದ ಸಾರ. ನಾನೂ ತಲೆದೂಗಿದೆ.

ಎರಡು ವಾರದ ನಂತರ ನಾನು ಚರ್ಚಿಗೆ ಹೋಗುವುದನ್ನೇ ಬಿಟ್ಟೆ.

ನಂಬಿಕೆ ಹೋಗಿರಲಿಲ್ಲ. ಹೋಗಿದ್ದು ಮುಖ ತೋರಿಸುವ ಧೈರ್ಯ. ಕಾಣಿಕೆ ಚೀಲ ಸಾಲಿನಲ್ಲಿ ಹತ್ತಿರ ಬರುವಾಗ ಕೈ ಜೇಬಿನಲ್ಲೇ ಉಳಿಯುತ್ತಿತ್ತು. ಆರಾಧನೆ ಮುಗಿದು ಹೊರಗೆ ಬಂದರೆ 'ಈಗ ಎಲ್ಲಿದ್ದೀರಿ?' ಎಂಬ ಪ್ರಶ್ನೆ. ಕೆಲಸ ಸಿಕ್ಕವರು ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದರು. ಸಿಗದವರಿಗೆ ಹೇಳಲು ಸಾಕ್ಷಿಯೇ ಇರಲಿಲ್ಲ. ಗಟ್ಟಿಯಾಗಿ ನಂಬಿದರೆ ಬಾಗಿಲು ತೆರೆಯುತ್ತದೆ ಎಂದು ಯಾರೋ ಬೆನ್ನು ತಟ್ಟಿದಾಗ, ನನ್ನ ನಂಬಿಕೆ ಸಾಲದು ಅಂತಲೇ ನನಗೆ ಕೇಳಿಸಿತು.

ನನ್ನ ಹಾಗೆ ದೂರ ಉಳಿದವರು ಇನ್ನೂ ಇದ್ದರು ಎಂದು ಆಮೇಲೆ ತಿಳಿಯಿತು. ಆ ಹಿಂಜರಿತದ ಕಾಲದಲ್ಲಿ ಅಮೆರಿಕದ ಪತ್ರಿಕೆಗಳು ಚರ್ಚುಗಳು ತುಂಬುತ್ತಿವೆ ಎಂದು ಬರೆದಿದ್ದವು. ಆದರೆ 2008ರ ಡಿಸೆಂಬರ್‌ನಲ್ಲಿ ಗ್ಯಾಲಪ್ ಸಂಸ್ಥೆ ತನ್ನ ಸಮೀಕ್ಷೆಗಳನ್ನು ನೋಡಿದಾಗ ಹಾಜರಾತಿ ಏರಿದ ಗುರುತೇ ಸಿಗಲಿಲ್ಲ. ನನಗೆ ಎರಡೂ ನಿಜ ಅನ್ನಿಸುತ್ತದೆ. ಮುಂದಿನ ಬಾಗಿಲಿನಿಂದ ಹೊಸಬರು ಬರುತ್ತಾರೆ, ಪಕ್ಕದ ಬಾಗಿಲಿನಿಂದ ಕೆಲವರು ಸದ್ದಿಲ್ಲದೆ ಹೋಗುತ್ತಾರೆ. ಬಂದವರನ್ನು ಎಲ್ಲರೂ ನೋಡುತ್ತಾರೆ.

ಮನೆಯಲ್ಲಿ ಕೂತಿದ್ದ ಆ ದಿನಗಳಲ್ಲಿ ಮಂಗಳೂರಿನ ನಮ್ಮ ಹಿರಿಯರು ನೆನಪಾಗುತ್ತಿದ್ದರು. 1834ರಲ್ಲಿ ಬಂದ ಬಾಸೆಲ್ ಮಿಷನ್, ಕ್ರೈಸ್ತರಾಗಿ ಕುಲಕಸುಬು ಕಳೆದುಕೊಂಡವರಿಗೆ ನೇಯ್ಗೆ ಕೊಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅಜ್ಜನ ಅಪ್ಪ ದುಡಿದದ್ದು ಹೆಂಚಿನ ಕೆಲಸದಲ್ಲೇ. ಅನ್ನ ಕೊಟ್ಟವರೂ ದೇವಾಲಯ ಕಟ್ಟಿದವರೂ ಒಬ್ಬರೇ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಆ ಕೈಗಾರಿಕೆಗಳನ್ನು ಮಿಷನ್ನಿನ ಕೈಯಿಂದ ಕಿತ್ತುಕೊಂಡಿತು. ಜರ್ಮನ್ ಮಿಷನರಿಗಳೂ ಹೋಗಬೇಕಾಯಿತು. ಸಭೆಗಳು ಮಾತ್ರ ಉಳಿದವು. ಸಂಬಳಕ್ಕಾಗಿ ಚರ್ಚಿಗೆ ಹೋಗುವವರು ಎಂದು ಹಂಗಿಸಿಕೊಂಡಿದ್ದ ಜನ, ಸಂಬಳದ ಧಣಿ ಬದಲಾದ ಮೇಲೂ ಭಾನುವಾರ ಬಿಡಲಿಲ್ಲ. ಅವರ ಮರಿಮಗ ನಾನು ಬಿಟ್ಟಿದ್ದೆ.

ಜೂನ್‌ನ ಒಂದು ಮಂಗಳವಾರ ಬೀದರ್ ಕಡೆಯ ಹಿರಿಯರೊಬ್ಬರು ಮನೆಗೆ ಬಂದರು. ರೈಲ್ವೆಯಿಂದ ನಿವೃತ್ತರು, ಚರ್ಚಿನಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವರು. ಕೆಲಸದ ಬಗ್ಗೆ ಕೇಳಲಿಲ್ಲ, ಯಾಕೆ ಬರುತ್ತಿಲ್ಲ ಎಂದೂ ಕೇಳಲಿಲ್ಲ. ಚಹಾ ಕುಡಿದು ಏಳುವಾಗ ಹೇಳಿದ್ದು ಇಷ್ಟೇ: 'ಕುರ್ಚಿ ಜೋಡಸ್ಲಿಕ್ಕ ಒಬ್ರು ಬೇಕಾಗ್ಯಾರ. ನನ್ನ ಸೊಂಟ ಕೇಳಂಗಿಲ್ಲ.'

ಮುಂದಿನ ಭಾನುವಾರ ಏಳು ಗಂಟೆಗೇ ಹೋದೆ. ಜನ ಬರುವ ಮೊದಲು ಕುರ್ಚಿ ಹಾಕಬೇಕು, ಎಲ್ಲರೂ ಹೋದ ಮೇಲೆ ಎತ್ತಿಡಬೇಕು. ಹೀಗಾಗಿ ಗೇಟಿನ ಹತ್ತಿರ ಯಾರಿಗೂ ಉತ್ತರ ಕೊಡುವ ಪ್ರಮೇಯ ಬರಲಿಲ್ಲ. ಮೂರು ತಿಂಗಳ ನಂತರ ಮೊದಲ ಸಲ ನನಗೊಂದು ಕೆಲಸ ಇತ್ತು. ಅಂದಂದಿನ ಆಹಾರ ಬೇಡುವ ಪ್ರಾರ್ಥನೆಯನ್ನು ಚಿಕ್ಕಂದಿನಿಂದ ಬಾಯಿಪಾಠ ಹೇಳುತ್ತಿದ್ದವನು, ಅವತ್ತು ಅರ್ಥವಾಗಿ ಹೇಳಿದೆ. ಪಕ್ಕದಲ್ಲಿ ನಿಂತವರೂ ಅದನ್ನೇ ಬೇಡುತ್ತಿದ್ದಾರೆ ಎಂದೂ ಅವತ್ತೇ ಗಮನಿಸಿದ್ದು.

ಸಂಬಳದ ಕೆಲಸ ಸಿಕ್ಕಿದ್ದು ನವೆಂಬರ್‌ನಲ್ಲಿ. ಸಾಕ್ಷಿ ಹೇಳಿ ಎಂದರು, ನಾನು ಹೇಳಲಿಲ್ಲ. ಸಾಲಿನಲ್ಲಿ ಇನ್ನೂ ಕಾಯುತ್ತಿದ್ದವರ ಮುಖ ನನಗೆ ಗೊತ್ತಿತ್ತು.

ಈಗ ಮತ್ತೆ ಐಟಿಯಲ್ಲಿ ಲೇಆಫ್ ಮಾತು ಕೇಳಿಬರುತ್ತಿದೆ. ಭಾನುವಾರ ಯಾರು ಹೊಸದಾಗಿ ಬಂದರು ಎಂದು ಎಲ್ಲರೂ ಎಣಿಸುತ್ತಾರೆ. ನಾನು ಯಾರು ಬಂದಿಲ್ಲ ಎಂದು ನೋಡಿಕೊಳ್ಳುತ್ತೇನೆ. ಪರಊರಿನ ನಿಮ್ಮ ಕನ್ನಡ ಸಂಘದಲ್ಲೋ ಭಜನಾ ಮಂಡಳಿಯಲ್ಲೋ ಎರಡು ವಾರದಿಂದ ಕಾಣದವರೊಬ್ಬರು ಇರಬಹುದು. ಮಂಗಳವಾರ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಕೆಲಸದ ಬಗ್ಗೆ ಮಾತ್ರ ಕೇಳಬೇಡಿ.